ಒಂದೇ ಬಿ.ಎಡ್., ಮೂರು ಪಗಾರ

ನನ್ನ ಕೆಲಸವೇ ಪಗಾರದ್ದು. ಬೆಂಗಳೂರಿನ ಒಂದು ಆಫೀಸಿನಲ್ಲಿ ಕೂತು ಬೇರೆ ಬೇರೆ ಕಂಪನಿಗಳ ನೌಕರರ ಸಂಬಳದ ಲೆಕ್ಕ ಹಾಕುವ ತಂಡದಲ್ಲಿದ್ದೇನೆ. ಪಿಎಫ್ ಎಷ್ಟು, ಇಎಸ್‌ಐ ಎಷ್ಟು, ರಜೆಗೆ ಕಡಿತ ಎಷ್ಟು, ಕೈಗೆ ಎಷ್ಟು. ಹೀಗಾಗಿ ಹೊಸಪೇಟೆಯ ನಮ್ಮ ಬಳಗದಲ್ಲಿ ಯಾರ ಪಗಾರದಲ್ಲಿ ಏನೇ ಹೆಚ್ಚುಕಮ್ಮಿ ಆದರೂ ಮೊದಲು ವಾಟ್ಸ್ಆ್ಯಪ್ ಬರೋದು ನನಗೇ. ಸ್ಲಿಪ್ ಇದ್ದವರು ಸ್ಲಿಪ್ ಕಳಿಸ್ತಾರೆ, ಇಲ್ಲದವರು ಪಾಸ್‌ಬುಕ್ಕಿನ ಫೋಟೋ.

ನಮ್ಮಲ್ಲಿ ಮೇಷ್ಟ್ರುಗಳೇ ಜಾಸ್ತಿ. ಅಕ್ಕ ಹೊಸಪೇಟೆಯ ಒಂದು ಖಾಸಗಿ ಇಂಗ್ಲಿಷ್ ಮಾಧ್ಯಮ ಶಾಲೆಯಲ್ಲಿ ಹೈಸ್ಕೂಲಿಗೆ ಗಣಿತ ಕಲಿಸ್ತಾಳೆ. ಅನುದಾನರಹಿತ ಶಾಲೆ. ಎಂ.ಎಸ್ಸಿ., ಬಿ.ಎಡ್., ಒಂಬತ್ತು ವರ್ಷದ ಅನುಭವ, ತಿಂಗಳಿಗೆ 13,500. ಚಿಕ್ಕಮ್ಮನ ಮಗ ಸಂಡೂರು ತಾಲ್ಲೂಕಿನ ಒಂದು ಹಳ್ಳಿಯ ಸರ್ಕಾರಿ ಶಾಲೆಯಲ್ಲಿ ಅತಿಥಿ ಶಿಕ್ಷಕ. ಬಿ.ಎಸ್ಸಿ., ಬಿ.ಎಡ್., 12,000. ಸೋದರಮಾವ ಕಂಪ್ಲಿಯ ಒಂದು ಅನುದಾನಿತ ಪ್ರೌಢಶಾಲೆಯಲ್ಲಿ ಮೂವತ್ತೈದು ವರ್ಷ ಕಲಿಸಿ 2019ರಲ್ಲಿ ನಿವೃತ್ತರಾದರು. ಅವರದೂ ಬಿ.ಎಸ್ಸಿ., ಬಿ.ಎಡ್. ಕೊನೆಯ ಪಗಾರ 70,000 ದಾಟಿತ್ತು. ಈಗ ಪಿಂಚಣಿ ಬರುತ್ತದೆ.

ಹೊಸಪೇಟೆಯಿಂದ ಸಂಡೂರಿಗಾಗಲಿ ಕಂಪ್ಲಿಗಾಗಲಿ ಬಸ್ಸಿನಲ್ಲಿ ಹೆಚ್ಚೆಂದರೆ ಒಂದು ತಾಸಿನ ದಾರಿ. ಓದಿದ್ದು ಅದೇ ಡಿಗ್ರಿ, ಹಿಡಿದದ್ದು ಅದೇ ಚಾಕ್‌ಪೀಸು. ಪಗಾರದಲ್ಲಿ ಮಾತ್ರ ಇಷ್ಟು ಫರಕು.

ಆಫೀಸಿನಲ್ಲಿ ಊಟದ ಹೊತ್ತಿಗೆ ಈ ಮಾತು ಬಂದರೆ ಯಾರಾದರೂ ಒಬ್ಬರು “ಅದು ಮಾರ್ಕೆಟ್ ರೇಟ್, ಏನ್ ಮಾಡೋಕಾಗುತ್ತೆ” ಅಂತಾರೆ. ನಮಗೆ ಸಂಬಳ ಸಾಲದಿದ್ದರೆ ಕಂಪನಿ ಬದಲಿಸ್ತೀವಲ್ಲ, ಅವರೂ ಬದಲಿಸಲಿ ಅನ್ನೋದು ವಾದ. ಕೇಳೋಕೆ ಸರಿಯಾಗೇ ಇದೆ. ಆದರೆ ಅಕ್ಕನ ವಿಷಯದಲ್ಲಿ ಆ ಮಾರ್ಕೆಟ್ ಎಲ್ಲಿದೆ ಅಂತ ಹುಡುಕಿದರೆ ನನಗೆ ಕಂಡದ್ದು ಬೇರೆ.

ಅಕ್ಕನ ಮನೆಯಿಂದ ಶಾಲೆಗೆ ನಡೆದರೆ ಹತ್ತು ನಿಮಿಷ. ಮಗ ಅಲ್ಲೇ ನಾಲ್ಕನೇ ಕ್ಲಾಸು, ಸಿಬ್ಬಂದಿಯ ಮಗು ಅಂತ ಅರ್ಧ ಫೀ. ಮನೆಯಲ್ಲಿ ವಯಸ್ಸಾದ ಅತ್ತೆ. ಅವಳು ಬಳ್ಳಾರಿಗೋ ಬೆಂಗಳೂರಿಗೋ ಹೋಗಿ ಕಲಿಸುವ ಪ್ರಶ್ನೆಯೇ ಇಲ್ಲ. ಊರಲ್ಲೇ ಇನ್ನೊಂದು ಶಾಲೆಗೆ ಹೋದರೆ 500 ಜಾಸ್ತಿ ಸಿಗಬಹುದು, ಮಗನ ಅರ್ಧ ಫೀ ತಪ್ಪುತ್ತದೆ. ಅದೆಲ್ಲ ಬಿಡಿ, ಅವಳ ಒರಿಜಿನಲ್ ಮಾರ್ಕ್ಸ್ ಕಾರ್ಡುಗಳೇ ಶಾಲೆಯ ಬೀರುವಿನಲ್ಲಿವೆ. ಸೇರುವಾಗ “ಸೇಫ್ಟಿಗೆ” ಅಂತ ಇಸಕೊಂಡರು. ಯಾರ ಸೇಫ್ಟಿಗೆ ಅಂತ ಕೇಳುವ ಧೈರ್ಯ ಆಗ ಯಾರಿಗಿತ್ತು? ನಾನಿರುವ ಕಂಪನಿ ನನ್ನ ಡಿಗ್ರಿ ಸರ್ಟಿಫಿಕೇಟ್ ಇಟ್ಟುಕೊಂಡಿದ್ದರೆ ನಾನೂ ಇಷ್ಟು ಸಲೀಸಾಗಿ ಮಾರ್ಕೆಟ್ ಬಗ್ಗೆ ಮಾತಾಡುತ್ತಿರಲಿಲ್ಲ.

ಬಿಟ್ಟು ಹೋಗಲು ಸಾಧ್ಯ ಇದ್ದವರು ಹೋಗಿದ್ದಾರೆ. ಅಕ್ಕನ ಜೊತೆ ಸಮಾಜ ವಿಜ್ಞಾನ ಕಲಿಸುತ್ತಿದ್ದ ಸರ್ ಒಬ್ಬರು ಹಂಪಿಯಲ್ಲಿ ಗೈಡ್ ಆದರು. ಇತಿಹಾಸದ ಎಂ.ಎ., ಒಳ್ಳೇ ಇಂಗ್ಲಿಷು, ತೆಲುಗು ಬರುತ್ತಿತ್ತು. ವಿಠಲ ದೇವಸ್ಥಾನದ ಕಲ್ಲಿನ ರಥದ ಮುಂದೆ ನಿಂತು ಅವರು ಹೇಳುವುದು ಕ್ಲಾಸಿನಲ್ಲಿ ಹೇಳುತ್ತಿದ್ದ ಅದೇ ಪಾಠ. ಸೀಸನ್‌ನಲ್ಲಿ ಒಂದು ವಾರ ಓಡಾಡಿದರೆ ಶಾಲೆಯ ಒಂದು ತಿಂಗಳ ಪಗಾರ ದಾಟುತ್ತದೆ ಅಂತಾರೆ. ಅಕ್ಕನ ಸ್ಟಾಫ್ ರೂಮಿನಲ್ಲಿ ಈಗ ಪಿಇಟಿ ಸರ್ ಬಿಟ್ಟರೆ ಉಳಿದವರೆಲ್ಲ ಹೆಂಗಸರು. ಮದುವೆಯಾಗಿ ಊರು ಬಿಡಲಾಗದ, ಓದಿರುವ ಹೆಂಗಸರು ಒಂದು ಊರಿನಲ್ಲಿ ಎಷ್ಟು ಜನ ಇದ್ದಾರೋ ಅಷ್ಟು ಕಡಿಮೆ ಪಗಾರಕ್ಕೆ ಶಾಲೆ ನಡೆಯುತ್ತದೆ. ಇದನ್ನು ಮಾರ್ಕೆಟ್ ಅನ್ನುವುದಾದರೆ ಅನ್ನಿ.

ಅಕ್ಕ ನಿಜವಾಗಿಯೂ ಮಾರ್ಕೆಟ್ಟಿನಲ್ಲಿ ಇರುವ ಜಾಗ ಒಂದಿದೆ, ಅದು ಅವಳ ಮನೆಯ ಜಗುಲಿ. ಸಂಜೆ ಆರೂವರೆಯಿಂದ ಎಂಟರವರೆಗೆ ಟ್ಯೂಷನ್. ಹದಿನೈದು ಮಕ್ಕಳು, ತಲಾ 500, ಒಟ್ಟು 7,500. ನನ್ನ ಚಾಳಿ ಬಿಡಬೇಕಲ್ಲ, ಗಂಟೆಯ ಲೆಕ್ಕ ಹಾಕಿದೆ. ತಿಂಗಳಿಗೆ 26 ದಿನ ಅಂದರೆ ಟ್ಯೂಷನ್ 39 ಗಂಟೆ, ಗಂಟೆಗೆ ಸುಮಾರು 190 ರೂಪಾಯಿ. ಶಾಲೆ ದಿನಕ್ಕೆ 7 ಗಂಟೆ, ತಿಂಗಳಿಗೆ 182 ಗಂಟೆ, ಗಂಟೆಗೆ 74 ರೂಪಾಯಿ. ಅದೇ ಅಕ್ಕ, ಅದೇ ಪೈಥಾಗೊರಸ್, ಮಕ್ಕಳಲ್ಲಿ ಅರ್ಧ ಜನ ಅದೇ ಕ್ಲಾಸಿನವರು. ಟ್ಯೂಷನ್‌ನಲ್ಲಿ ಅಪ್ಪ ಅಮ್ಮ ಕೊಡುವ ದುಡ್ಡು ಅಕ್ಕನ ಪಾಠಕ್ಕೆ. ಶಾಲೆಯಲ್ಲಿ ಅವರು ದುಡ್ಡು ಕೊಡುವುದು ಇಂಗ್ಲಿಷಿಗೆ, ಹಳದಿ ಬಸ್ಸಿಗೆ, ಮೂರಂತಸ್ತಿನ ಕಟ್ಟಡಕ್ಕೆ, ಟೈ-ಬೂಟಿಗೆ. ಕಲಿಸುವವಳು ಅದರ ಜೊತೆ ಬರುತ್ತಾಳೆ.

ಶಾಲೆಯ ಲೆಕ್ಕವನ್ನೂ ನೋಡೋಣ. 8, 9, 10ನೇ ಕ್ಲಾಸಿಗೆ ಎರಡೆರಡು ಸೆಕ್ಷನ್, ಒಂದೊಂದರಲ್ಲಿ 40 ಮಕ್ಕಳು, ಒಟ್ಟು 240. ವರ್ಷದ ಫೀ 38,000. ಎಲ್ಲರೂ ಕಟ್ಟಿದರೆ 91,20,000. ಪಾಠ ಮಾಡುವವರು ಒಂಬತ್ತು ಜನ. ಎಲ್ಲರಿಗೂ ಅಕ್ಕನಷ್ಟೇ ಪಗಾರ, ಮೇ ತಿಂಗಳದ್ದೂ ಕೊಡುತ್ತಾರೆ ಅಂತ ಹಿಡಿದರೂ ವರ್ಷಕ್ಕೆ 14,58,000. ನೂರು ರೂಪಾಯಿ ಫೀಯಲ್ಲಿ ಶಿಕ್ಷಕರಿಗೆ 16. ಫೀಯ ಕಾಲು ಭಾಗ ಬರಲೇ ಇಲ್ಲ ಅಂದುಕೊಂಡರೂ 21.

ಆಡಳಿತ ಮಂಡಳಿಯವರ ಮಾತನ್ನೂ ಹೇಳಬೇಕು. ಕಟ್ಟಡದ ಸಾಲ, ಬಸ್ಸಿನ ಇಎಂಐ, ಇನ್ಶೂರೆನ್ಸು, ವರ್ಷ ವರ್ಷ ಮಾನ್ಯತೆ ನವೀಕರಣದ ಓಡಾಟ ಎಲ್ಲ ಇದೆ. ಕೊರೊನಾ ವರ್ಷಗಳಲ್ಲಿ ಬಾಕಿ ಉಳಿದ ಫೀ ಕೆಲವು ಮನೆಗಳಿಂದ ಬರಲೇ ಇಲ್ಲ. ಇವೆಲ್ಲ ಸುಳ್ಳಲ್ಲ. ಆದರೆ ಬ್ಯಾಂಕಿನವರು ಕಂತು ಬಿಡುವುದಿಲ್ಲ, ಡೀಸೆಲ್ ಬಂಕಿನವರು ಉದ್ರಿ ಕೊಡುವುದಿಲ್ಲ. ಕಾಯಿಸಬಹುದಾದದ್ದು, ಕಡಿಮೆ ಮಾಡಬಹುದಾದದ್ದು ಪಗಾರ ಒಂದೇ.

ಎರಡು ವರ್ಷದ ಹಿಂದೆ ಅಕ್ಕ ಮತ್ತು ಇನ್ನಿಬ್ಬರು ಮಿಸ್‌ಗಳು ಸೇರಿ ಪಗಾರ ಹೆಚ್ಚಿಸಿ ಅಂತ ಕೇಳಲು ಹೋದರು. ಸಿಕ್ಕ ಉತ್ತರ: “ನೋಡ್ರಿ ಮೇಡಂ, ಸರ್ಕಾರನ ಅತಿಥಿ ಶಿಕ್ಷಕರಿಗೆ ಹತ್ತೂವರೆ ಸಾವಿರ ಕೊಡ್ತೈತಿ. ನಾವು ಅದಕ್ಕಿಂತ ಜಾಸ್ತಿನ ಕೊಡ್ತೀವಿ.”

ಈ ಉತ್ತರ ನನ್ನ ತಲೆಯಲ್ಲಿ ಬಹಳ ದಿನ ಕೂತಿತ್ತು. ಅಲ್ಲಿಯವರೆಗೂ ನಾನು ಖಾಸಗಿ ಶಾಲೆಯ ಪಗಾರ ಒಂದು ಲೋಕ, ಸರ್ಕಾರದ್ದು ಇನ್ನೊಂದು ಲೋಕ ಅಂದುಕೊಂಡಿದ್ದೆ. ಹಾಗಿಲ್ಲ. ಊರಿನಲ್ಲಿ ಬಿ.ಎಡ್. ಓದಿದವರ ದರ ಎಷ್ಟು ಅಂತ ಬೋರ್ಡು ಹಾಕಿರುವುದು ಸರ್ಕಾರವೇ. 2022ರ ಹೊತ್ತಿಗೆ ಅತಿಥಿ ಶಿಕ್ಷಕರಿಗೆ ಪ್ರಾಥಮಿಕ ಶಾಲೆಯಲ್ಲಿ 10,000, ಪ್ರೌಢಶಾಲೆಯಲ್ಲಿ 10,500 ಇತ್ತು. 2025-26ರ ಬಜೆಟ್‌ನಲ್ಲಿ 2,000 ಹೆಚ್ಚಿಸಿದರು. ಈಗ 12,000 ಮತ್ತು 12,500. ಅದೇ ಸರ್ಕಾರ 2024ರ ಆಗಸ್ಟ್‌ನಿಂದ 7ನೇ ವೇತನ ಆಯೋಗ ಜಾರಿ ಮಾಡಿದಾಗ ಅತ್ಯಂತ ಕೆಳಗಿನ ದರ್ಜೆಯ ನೌಕರನಿಗೂ ಮೂಲ ವೇತನ 27,000 ಅಂತ ನಿಗದಿ ಮಾಡಿತು. ಅತಿಥಿ ಶಿಕ್ಷಕ ನೌಕರನಲ್ಲ, ಅತಿಥಿ. ಹಾಗಾಗಿ ಅವನಿಗೆ ಬರುವುದು ವೇತನ ಅಲ್ಲ, ಗೌರವಧನ.

ನಮ್ಮ ಸಂಡೂರಿನ ತಮ್ಮನಿಗೆ ಆ ಗೌರವಧನ ಮೂರು-ನಾಲ್ಕು ತಿಂಗಳಿಗೊಮ್ಮೆ ಒಟ್ಟಿಗೆ ಬರುತ್ತದೆ, ಏಪ್ರಿಲ್-ಮೇ ಅಂತೂ ಇಲ್ಲವೇ ಇಲ್ಲ. ಅವನ ಶಾಲೆಯ ಮುಂದಿನ ರಸ್ತೆಯಲ್ಲಿ ಅದಿರಿನ ಲಾರಿಗಳು ಓಡುತ್ತವೆ. ಶಾಲೆಗೆ ಎರಡು ಹೊಸ ಕೋಣೆ ಬಂದಿವೆ, ಗೋಡೆಯ ಮೇಲೆ ಜಿಲ್ಲಾ ಖನಿಜ ನಿಧಿಯ ಹೆಸರಿದೆ. ಗಣಿ ಕಂಪನಿಗಳು ಕಟ್ಟುವ ದುಡ್ಡಿನ ಒಂದು ಪಾಲು ಗಣಿಬಾಧಿತ ಊರುಗಳ ಶಿಕ್ಷಣ, ಆರೋಗ್ಯ, ಕುಡಿಯುವ ನೀರಿಗೆ ಹೋಗಬೇಕು ಅಂತ 2015ರಲ್ಲಿ ಕಾನೂನು ತಿದ್ದುಪಡಿಯಾದ ಮೇಲೆ ಬಂದ ನಿಧಿ ಅದು. ಟೈಲ್ಸ್ ಹಾಕಿದ ಹೊಸ ಕೋಣೆಯಲ್ಲಿ ನಿಂತು ನಮ್ಮ ತಮ್ಮ ಏಳನೇ ಕ್ಲಾಸಿಗೆ ವಿಜ್ಞಾನ ಹೇಳುತ್ತಾನೆ. ಅವನ ಜೊತೆ ಪಿಯುಸಿ ಫೇಲಾದವನು ತೋರಣಗಲ್ಲಿನ ಕಾರ್ಖಾನೆಯಲ್ಲಿ ಕಾಂಟ್ರ್ಯಾಕ್ಟ್ ಕೆಲಸಕ್ಕೆ ಸೇರಿ ಅವನಿಗಿಂತ ಹೆಚ್ಚು ದುಡಿಯುತ್ತಿದ್ದಾನೆ. ದುಡಿಯಲಿ, ಅವನ ಮೇಲೆ ನನಗೇನೂ ಸಿಟ್ಟಿಲ್ಲ. ಆದರೆ ಊರಿನ ಮಕ್ಕಳು ಇಬ್ಬರನ್ನೂ ನೋಡುತ್ತಿರುತ್ತಾರಲ್ಲ.

ರಾಜ್ಯದಲ್ಲಿ ಹೀಗೆ 50,000ದ ಆಸುಪಾಸಿನಲ್ಲಿ ಅತಿಥಿ ಶಿಕ್ಷಕರಿದ್ದಾರೆ. ಇಷ್ಟು ದೊಡ್ಡ ಸಂಖ್ಯೆಯಲ್ಲಿ ಸರ್ಕಾರವೇ 12,000ಕ್ಕೆ ಜನ ತೆಗೆದುಕೊಂಡರೆ ಖಾಸಗಿಯವರು ಅದಕ್ಕಿಂತ ಮೇಲೆ ಯಾಕೆ ಹೋಗುತ್ತಾರೆ? ಕಾನೂನಾದರೂ ಕಾಯುತ್ತದಾ ಅಂತ ನೋಡಿದರೆ, ಶಿಕ್ಷಕರು ಕೈಗಾರಿಕಾ ವಿವಾದ ಕಾಯ್ದೆಯ ಅರ್ಥದಲ್ಲಿ ಕಾರ್ಮಿಕರಲ್ಲ ಅಂತ ಸುಪ್ರೀಂ ಕೋರ್ಟ್ 1988ರಲ್ಲಿ ಹೇಳಿತು. ಕನಿಷ್ಠ ವೇತನ ಕಾಯ್ದೆಯ ಅಡಿಯೂ ಬರುವುದಿಲ್ಲ ಅಂತ 1996ರಲ್ಲಿ ಹೇಳಿತು. ಪಾಠ ಮಾಡುವುದು ಒಂದು ಉದಾತ್ತ ವೃತ್ತಿ, ಅದನ್ನು ಕೂಲಿ ಕೆಲಸದ ಜೊತೆ ಸೇರಿಸಬಾರದು ಅನ್ನುವ ಧಾಟಿ. ಗೌರವ ಕೊಟ್ಟಂತೆಯೂ ಆಯ್ತು, ಕೂಲಿಯವರಿಗಿರುವ ರಕ್ಷಣೆ ತಪ್ಪಿಸಿದಂತೆಯೂ ಆಯ್ತು. ಗ್ರಾಚ್ಯುಟಿ ಒಂದು ಮಾತ್ರ 2022ರಲ್ಲಿ ಖಾಸಗಿ ಶಾಲೆಯ ಶಿಕ್ಷಕರಿಗೂ ಸಿಗಬೇಕು ಅಂತ ಅದೇ ಕೋರ್ಟಿನಲ್ಲಿ ಪಕ್ಕಾ ಆಯಿತು. ಅಕ್ಕನಿಗೆ ಇದನ್ನು ಹೇಳಿದಾಗ, “ಗ್ರಾಚ್ಯುಟಿ ಕೇಳೋಕೆ ಕೆಲಸ ಬಿಡಬೇಕಲ್ಲೇ” ಅಂತ ನಕ್ಕಳು.

ಹಾಗಾದರೆ ಖಾಸಗಿ ಶಾಲೆಗಳಿಗೆ ಸರ್ಕಾರ ದುಡ್ಡು ಕೊಟ್ಟರೆ ಶಿಕ್ಷಕರ ಪಗಾರ ಹೆಚ್ಚುತ್ತದಾ? ಈ ಪ್ರಶ್ನೆಗೆ ನಮ್ಮ ರಾಜ್ಯದಲ್ಲೇ ಎರಡು ಉತ್ತರ ಇವೆ. ಎರಡೂ ನಮ್ಮ ಬಳಗದಲ್ಲೇ ಇವೆ.

ಒಂದು ಅಕ್ಕನ ಶಾಲೆಯದ್ದು. 2012-13ರಿಂದ ಆರ್‌ಟಿಇ ಅಡಿ ಖಾಸಗಿ ಶಾಲೆಗಳ ಪ್ರವೇಶ ತರಗತಿಯಲ್ಲಿ ನೂರಕ್ಕೆ 25 ಸೀಟು ಬಡ ಮತ್ತು ಹಿಂದುಳಿದ ಮಕ್ಕಳಿಗೆ ಸಿಗತೊಡಗಿತು. ಆ ಮಕ್ಕಳ ಖರ್ಚನ್ನು ಸರ್ಕಾರ ಶಾಲೆಗೆ ಮರುಪಾವತಿ ಮಾಡುತ್ತದೆ. ಮೊದಲು ಒಂದು ಮಗುವಿಗೆ ವರ್ಷಕ್ಕೆ ಗರಿಷ್ಠ 11,848 ಇತ್ತು, ಆಮೇಲೆ 16,000 ಆಯಿತು. ಎಲ್‌ಕೆಜಿ, ಯುಕೆಜಿಗೆ ಅದರ ಅರ್ಧ. ಅಕ್ಕನ ಶಾಲೆಯಲ್ಲಿ ಒಂದು ಹಂತದಲ್ಲಿ ಒಂದರಿಂದ ಎಂಟರವರೆಗೆ ಸುಮಾರು 120 ಆರ್‌ಟಿಇ ಮಕ್ಕಳಿದ್ದರು. ತಲಾ 16,000 ಅಂದರೆ ವರ್ಷಕ್ಕೆ 19 ಲಕ್ಷದ ಮೇಲೆ. ಮೇಲೆ ಹೇಳಿದ ಒಂಬತ್ತು ಶಿಕ್ಷಕರ ವರ್ಷದ ಪಗಾರಕ್ಕಿಂತ ಜಾಸ್ತಿ. ಬಿಲ್ಲು ತಡವಾಗಿ, ಕಂತಿನಲ್ಲಿ ಬರುತ್ತಿತ್ತು, ಅದು ನಿಜ. ಬಂದ ಮೇಲೂ ಸ್ಟಾಫ್ ರೂಮಿಗೆ ಅದರ ಸುದ್ದಿ ಬರಲಿಲ್ಲ. ಆ ವರ್ಷಗಳಲ್ಲಿ ಅಕ್ಕನಿಗೆ ಆದ ಹೆಚ್ಚಳ 500 ರೂಪಾಯಿ. ಶಾಲೆ ನಿಯಮ ಮುರಿಯಿತು ಅಂತಲೂ ಹೇಳುವಂತಿಲ್ಲ. ಮರುಪಾವತಿಯ ಹಣದಲ್ಲಿ ಇಷ್ಟು ಪಾಲು ಶಿಕ್ಷಕರಿಗೆ ಹೋಗಬೇಕು ಅಂತ ಆ ಕಾಯ್ದೆಯ ಕಲಮಿನಲ್ಲಿ ಇಲ್ಲವೇ ಇಲ್ಲ. ದುಡ್ಡು ಮಗುವಿನ ಹಿಂದೆ ಬಂತು, ಆಫೀಸ್ ರೂಮಿನಲ್ಲಿ ಕೂತಿತು.

2019-20ರಿಂದ ನಿಯಮ ಬದಲಾಯಿತು. ಹತ್ತಿರದಲ್ಲಿ ಸರ್ಕಾರಿ ಅಥವಾ ಅನುದಾನಿತ ಶಾಲೆ ಇದ್ದರೆ ಖಾಸಗಿ ಶಾಲೆಯಲ್ಲಿ ಆರ್‌ಟಿಇ ಸೀಟಿಲ್ಲ. ರಾಜ್ಯದಲ್ಲಿ ಲಕ್ಷದ ಮೇಲಿದ್ದ ಸೀಟು ಸಾವಿರಗಳ ಲೆಕ್ಕಕ್ಕೆ ಇಳಿಯಿತು. ಅದಕ್ಕೂ ಮುಂಚೆ, 2018ರಲ್ಲಿ ಒಂದನೇ ಕ್ಲಾಸಿಗೆ ಸೇರಿದ ಮಕ್ಕಳು ಈ ವರ್ಷ ಅಕ್ಕನ ಎಂಟನೇ ಕ್ಲಾಸಿನಲ್ಲಿದ್ದಾರೆ. ಅವರಲ್ಲಿ ಕಮಲಾಪುರದ ಆಟೋ ಡ್ರೈವರ್ ಒಬ್ಬರ ಮಗಳು ಗಣಿತದಲ್ಲಿ ಕ್ಲಾಸಿಗೇ ಮುಂದು. ಪುಕ್ಕಟೆ ಓದು ಎಂಟಕ್ಕೆ ಮುಗಿಯುತ್ತದೆ; ಒಂಬತ್ತಕ್ಕೆ 38,000 ಎಲ್ಲಿಂದ ತರುವುದು ಅನ್ನೋದು ಆ ಮನೆಯ ಈಗಿನ ಚಿಂತೆ.

ಸರ್ಕಾರದ ಖಜಾನೆಯಿಂದ ಅಕ್ಕನ ಹೆಸರಿಗೇ ನೇರವಾಗಿ ಬಂದ ದುಡ್ಡು ಒಂದೇ ಒಂದು ಸಲದ್ದು. 2021ರ ಜೂನ್‌ನಲ್ಲಿ, ಕೊರೊನಾದ ಎರಡನೇ ಅಲೆಯಲ್ಲಿ, ಅನುದಾನರಹಿತ ಶಾಲೆಗಳ ಶಿಕ್ಷಕರಿಗೆ 5,000 ರೂಪಾಯಿ ಪರಿಹಾರ ಘೋಷಣೆಯಾಯಿತು. ಆಗ ಏಳು ತಿಂಗಳಿಂದ ಅವಳಿಗೆ ಅರ್ಧ ಪಗಾರ. ಆನ್‌ಲೈನ್ ಕ್ಲಾಸು ಮಾತ್ರ ಪೂರ್ತಿ. ಆ 5,000 ಬಂದ ಮೆಸೇಜನ್ನು ಅವಳು ನನಗೆ ಫಾರ್ವರ್ಡ್ ಮಾಡಿದ್ದಳು, ಜೊತೆಗೆ ಒಂದು ಮಾತೂ ಬರೆದಿರಲಿಲ್ಲ.

ಇನ್ನೊಂದು ಉತ್ತರ ಕಂಪ್ಲಿಯ ಮಾವನದು. 1984ರಲ್ಲಿ ಅವರು ಸೇರಿದಾಗ ಶಾಲೆ ಶುರುವಾಗಿ ಮೂರು ವರ್ಷ. ಊರಿನ ಭತ್ತದ ರೈತರು, ವ್ಯಾಪಾರಿಗಳು ಸೇರಿ ಕಟ್ಟಿದ ಸಂಸ್ಥೆ. ಪಗಾರ 250 ರೂಪಾಯಿ, ಅದೂ ಸುಗ್ಗಿ ಆದ ಮೇಲೆ. ಕೆಲವು ವರ್ಷ ಅಕ್ಕಿಯ ಚೀಲವೂ ಬಂದದ್ದುಂಟು. ಡ್ಯಾಮಿನಿಂದ ನೀರು ಬಿಟ್ಟು ಸೇತುವೆ ಮುಳುಗಿದ ದಿನ ಆಚೆ ದಂಡೆಯ ಮಕ್ಕಳು ಬರುತ್ತಿರಲಿಲ್ಲ, ಆ ದಿನ ಇರುವ ಮಕ್ಕಳನ್ನೆಲ್ಲ ಒಂದೇ ಕೋಣೆಯಲ್ಲಿ ಕೂರಿಸಿ ಮಾವನೇ ಎಲ್ಲ ವಿಷಯ ಹೇಳಿದ್ದೂ ಉಂಟು. 1989ರಲ್ಲಿ ಶಾಲೆ ಅನುದಾನಕ್ಕೆ ಒಳಪಟ್ಟಿತು. ಅಂದರೆ ಶಾಲೆ ಖಾಸಗಿಯದೇ, ಆಡಳಿತ ಮಂಡಳಿಯದೇ, ಆದರೆ ಮಂಜೂರಾದ ಹುದ್ದೆಗಳ ಪಗಾರ ಸರ್ಕಾರದ್ದು, ಸರ್ಕಾರಿ ಶಿಕ್ಷಕರಷ್ಟೇ.

“ಶಾಲಿ ಅದೇ, ಬೆಂಚು ಅದೇ, ಸೆಕ್ರೆಟರಿನೂ ಅವರೇ. ಪಗಾರ ಕೊಡೋ ಕೈ ಒಂದು ಬದಲಾತು ನೋಡವ್ವಾ” ಅಂತಾರೆ ಮಾವ. “ಅವತ್ತಿಂದ ನಾ ಟ್ಯೂಷನ್ ಬಿಟ್ಟೆ. ಸಂಜೀಕ ಮಕ್ಕಳ ನೋಟ್‌ಬುಕ್ ತಿದ್ದಾಕ ಟೈಮ್ ಸಿಕ್ತು.”

ಇಲ್ಲಿ ದುಡ್ಡು ಮಗುವಿನ ಹಿಂದೆ ಬರಲಿಲ್ಲ, ಕಲಿಸುವವರ ಹೆಸರಿಗೆ ಬಂತು. ಖಾಸಗಿ ಶಾಲೆಗೆ ಸಾರ್ವಜನಿಕ ಹಣ ಕೊಡಬೇಕೋ ಬೇಡವೋ ಅಂತ ನಾವು ಜಗಳ ಆಡುತ್ತೇವೆ. ಯಾವ ಬಾಗಿಲಿನಿಂದ ಕೊಡುತ್ತೇವೆ ಅನ್ನೋದರ ಮೇಲೆ ಪಗಾರ ನಿಂತಿದೆ.

ನನ್ನ ಪಕ್ಕದ ಸೀಟಿನ ಗೆಳತಿ ಕಾಸರಗೋಡಿನವಳು, ಅವಳ ಅಮ್ಮ ಅಲ್ಲಿನ ಕನ್ನಡ ಮಾಧ್ಯಮದ ಅನುದಾನಿತ ಶಾಲೆಯಲ್ಲಿ ಟೀಚರ್ ಆಗಿದ್ದವರು. ಇದನ್ನೆಲ್ಲ ಕೇಳಿ ಅವಳು, “ನಮ್ಮಲ್ಲಿ ಇದಕ್ಕೇ ಒಂದು ಸರ್ಕಾರ ಹೋಗಿತ್ತು ಮಾರಾಯ್ತಿ” ಅಂದಳು. ಉತ್ಪ್ರೇಕ್ಷೆ ಸ್ವಲ್ಪ ಇದೆ, ಪೂರ್ತಿ ಅಲ್ಲ. 1957ರಲ್ಲಿ ಇಎಂಎಸ್ ಸರ್ಕಾರದ ಶಿಕ್ಷಣ ಮಂತ್ರಿ ಜೋಸೆಫ್ ಮುಂಡಶ್ಶೇರಿ ತಂದ ಶಿಕ್ಷಣ ಮಸೂದೆಯಲ್ಲಿ ಖಾಸಗಿ ಅನುದಾನಿತ ಶಾಲೆಯ ಶಿಕ್ಷಕರಿಗೆ ಸರ್ಕಾರವೇ ನೇರ ಪಗಾರ ಕೊಡುವ ಅಂಶ ಇತ್ತು. ನೇಮಕಾತಿಯ ಮೇಲೂ ಹಿಡಿತ ತರುವ ಅಂಶಗಳಿದ್ದವು, ದೊಡ್ಡ ಗಲಾಟೆ ಅದಕ್ಕೆ ಆಯಿತು. ಭೂಸುಧಾರಣೆಯ ಸಿಟ್ಟೂ ಸೇರಿಕೊಂಡಿತು. 1959ರ ಜುಲೈ 31ರಂದು ಸರ್ಕಾರವೇ ವಜಾ ಆಯಿತು. ನೇರ ಪಗಾರ ಮಾತ್ರ ಉಳಿಯಿತು. ಗೆಳತಿಯ ಅಮ್ಮ ಅದರಲ್ಲೇ ನಿವೃತ್ತರಾದರು.

ಮಗುವಿನ ಹಿಂದೆ ದುಡ್ಡು ಕಳಿಸುವುದನ್ನು ದೇಶದ ತುಂಬ ಮಾಡಿ ನೋಡಿದ್ದು ಚಿಲಿ. 1981ರಲ್ಲಿ ಮಿಲಿಟರಿ ಆಡಳಿತ ಸರ್ಕಾರಿ ಶಾಲೆಗಳನ್ನು ನಗರಸಭೆಗಳಿಗೆ ಒಪ್ಪಿಸಿ, ಮಗು ಯಾವ ಶಾಲೆಗೆ ಹೋಗುತ್ತದೋ ಆ ಶಾಲೆಗೆ ದುಡ್ಡು ಅಂತ ಮಾಡಿತು. ಖಾಸಗಿ ಶಾಲೆಗಳು ಬೆಳೆದವು. ಶಿಕ್ಷಕರು ಸರ್ಕಾರಿ ನೌಕರರ ಸ್ಥಾನ ಕಳೆದುಕೊಂಡರು, ಆ ದಶಕದಲ್ಲಿ ಅವರ ನಿಜವಾದ ಗಳಿಕೆ ಕುಸಿಯಿತು. 1991ರಲ್ಲಿ ಮತ್ತೆ ಶಿಕ್ಷಕರಿಗಾಗಿಯೇ ಕಾನೂನು ತರಬೇಕಾಯಿತು. 2015ರಲ್ಲಿ, ಸರ್ಕಾರದ ದುಡ್ಡು ಪಡೆಯುವ ಶಾಲೆ ಲಾಭ ಮಾಡುವಂತಿಲ್ಲ ಅಂತ ಇನ್ನೊಂದು. ಅಷ್ಟು ದೂರದ ದೇಶದ ಕಥೆ ಓದುವಾಗ ನನಗೆ ಕಂಡದ್ದು ಹೊಸಪೇಟೆಯ ಆಫೀಸ್ ರೂಮೇ.

ಅನುದಾನ ಅಂದರೆ ಎಲ್ಲ ಚಂದ ಅಂತಲ್ಲ. ಅನುದಾನಿತ ಹುದ್ದೆ ಸಿಗಬೇಕಾದರೆ ಆಡಳಿತ ಮಂಡಳಿಗೆ ಲಕ್ಷಗಟ್ಟಲೆ “ಡೊನೇಷನ್” ಕೊಟ್ಟವರ ಕಥೆ ನಮ್ಮ ಕಡೆ ಎಲ್ಲರಿಗೂ ಗೊತ್ತು. ಕಾಸರಗೋಡಿನ ಗೆಳತಿಯೂ ತಲೆ ಆಡಿಸಿದಳು. ಪಗಾರ ಗ್ಯಾರಂಟಿ ಅಂತಾದ ಮೇಲೆ ಪುಸ್ತಕ ಮುಟ್ಟದ ಮೇಷ್ಟ್ರುಗಳೂ ಇದ್ದರು. ಮಾವ ಹೆಸರು ಹೇಳುವುದಿಲ್ಲ, ನಗುತ್ತಾರೆ. 2006ರ ಏಪ್ರಿಲ್ 1ರ ನಂತರ ಸೇರಿದ ಅನುದಾನಿತ ಶಿಕ್ಷಕರಿಗೆ ಹಳೇ ಪಿಂಚಣಿಯೂ ಇಲ್ಲ.

ಎಲ್ಲಕ್ಕಿಂತ ದೊಡ್ಡ ಮಾತು, ಆ ಬಾಗಿಲು ಮುಚ್ಚಿ ಎಷ್ಟೋ ವರ್ಷ ಆಯಿತು. 1995ರ ನಂತರ ಶುರುವಾದ ಕನ್ನಡ ಮಾಧ್ಯಮ ಶಾಲೆಗಳಿಗೂ ಅನುದಾನ ಕೊಡಿ ಅಂತ ಆಡಳಿತ ಮಂಡಳಿಗಳು, ಶಿಕ್ಷಕರು ವರ್ಷಗಟ್ಟಲೆಯಿಂದ ಕೇಳುತ್ತಲೇ ಇದ್ದಾರೆ. ಅಷ್ಟರಲ್ಲಿ ಅಪ್ಪ ಅಮ್ಮಂದಿರು ಇಂಗ್ಲಿಷಿನ ಕಡೆ ಹೋದರು. ಮಾಧ್ಯಮವನ್ನು ಸರ್ಕಾರ ಹೇರುವಂತಿಲ್ಲ ಅಂತ 2014ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ಕರ್ನಾಟಕದ್ದೇ ಪ್ರಕರಣದಲ್ಲಿ ಹೇಳಿದ ಮೇಲೆ ಆ ದಾರಿ ಇನ್ನೂ ಅಗಲವಾಯಿತು. ಅನುದಾನ ಇದ್ದದ್ದು ಕನ್ನಡ ಶಾಲೆಗೆ, ಮಕ್ಕಳು ಹೋದದ್ದು ಅನುದಾನ ಇಲ್ಲದ ಇಂಗ್ಲಿಷ್ ಶಾಲೆಗೆ. ಕಲಿಸುವವರೂ ಅವರ ಹಿಂದೆಯೇ ಹೋದರು, ಪಗಾರ ಮಾತ್ರ ಹಿಂದೆಯೇ ಉಳಿಯಿತು.

ಇದನ್ನು ಓದುತ್ತಿರುವ ನಮ್ಮಲ್ಲಿ ಹೆಚ್ಚಿನವರು ಫೀ ಕಟ್ಟುವವರು, ಇಲ್ಲವೇ ಇನ್ನೆರಡು ವರ್ಷದಲ್ಲಿ ಕಟ್ಟಲಿರುವವರು. ಅಡ್ಮಿಷನ್‌ಗೆ ಹೋದಾಗ ಸ್ವಿಮ್ಮಿಂಗ್ ಪೂಲ್ ಇದೆಯಾ, ಸ್ಮಾರ್ಟ್ ಬೋರ್ಡ್ ಇದೆಯಾ, ಬಸ್ಸಿನಲ್ಲಿ ಜಿಪಿಎಸ್ ಇದೆಯಾ ಅಂತೆಲ್ಲ ಕೇಳುತ್ತೇವೆ. ಕಳೆದ ಬೇಸಿಗೆಯಲ್ಲಿ ಸ್ನೇಹಿತೆಯ ಮಗನ ಅಡ್ಮಿಷನ್‌ಗೆ ಜೊತೆಗೆ ಹೋಗಿದ್ದಾಗ ನಾನು, ಇಲ್ಲಿ ಟೀಚರ್‌ಗಳಿಗೆ ಪಗಾರ ಎಷ್ಟು, ಎಷ್ಟು ವರ್ಷ ನಿಲ್ಲುತ್ತಾರೆ ಅಂತ ಕೇಳಿದೆ. ಕೌಂಟರಿನಲ್ಲಿದ್ದ ಹುಡುಗಿ ಒಂದು ಕ್ಷಣ ನನ್ನನ್ನೇ ನೋಡಿ, “ಅದು ಮ್ಯಾನೇಜ್‌ಮೆಂಟ್ ವಿಷ್ಯ ಮ್ಯಾಮ್” ಅಂದಳು. ಸ್ನೇಹಿತೆ ಮೊಣಕೈಯಿಂದ ತಿವಿದಳು. ಆದರೆ ಕೇಳಬೇಕಾದ ಪ್ರಶ್ನೆ ಅದೇ ಅಂತ ನನಗೆ ಈಗಲೂ ಅನ್ನಿಸುತ್ತದೆ. ನೂರರಲ್ಲಿ 16 ಹೋಗುತ್ತದಾ, 50 ಹೋಗುತ್ತದಾ ಅಂತ ಫೀ ರಸೀದಿಯ ಹಿಂದೆ ಬರೆಯುವುದು ಕಷ್ಟದ ಕೆಲಸವೇನಲ್ಲ.

ಸರ್ಕಾರಕ್ಕೂ ದಾರಿ ಇಲ್ಲ ಅನ್ನುವಂತಿಲ್ಲ. 2021ರಲ್ಲಿ 5,000 ಹಾಕುವಾಗ ಅನುದಾನರಹಿತ ಶಾಲೆಗಳ ಶಿಕ್ಷಕರ ಹೆಸರು, ಬ್ಯಾಂಕ್ ಖಾತೆ ಎಲ್ಲ ಇಲಾಖೆಗೆ ಸಿಕ್ಕಿತ್ತು. ಇನ್ನೂ ಉಳಿದಿರುವ ಆರ್‌ಟಿಇ ಮರುಪಾವತಿಗೆ, ಮುಂದೆ ಯಾವ ಹೆಸರಿನಲ್ಲಿ ಖಾಸಗಿ ಶಾಲೆಗೆ ದುಡ್ಡು ಹೋದರೂ ಅದಕ್ಕೆ, ಶಿಕ್ಷಕರ ಪಗಾರ ಬ್ಯಾಂಕಿನ ಮೂಲಕವೇ, ಹನ್ನೆರಡು ತಿಂಗಳೂ ಇಂತಿಷ್ಟು ಬರಬೇಕು ಅಂತ ಒಂದು ಷರತ್ತು ಹಾಕಬಹುದು. ನನ್ನಂಥವಳು ಒಂದು ದಿನದಲ್ಲಿ ಆ ಫಾರ್ಮ್ಯಾಟ್ ಮಾಡಿಕೊಡಬಹುದು. ಅತಿಥಿ ಶಿಕ್ಷಕರ ದರ ಏರಿದರೆ ಖಾಸಗಿಯವರ “ನಾವು ಸಾವಿರ ಜಾಸ್ತಿ” ಕೂಡ ತಾನಾಗೇ ಏರುತ್ತದೆ. ಮಾರ್ಕೆಟ್ ಅಂದರೆ ಅದೂ ಮಾರ್ಕೆಟ್ಟೇ.

ದೀಪಾವಳಿಗೆ ಊರಿಗೆ ಹೋದಾಗ ಇದನ್ನೆಲ್ಲ ಮಾವನಿಗೆ ವಿವರಿಸಿದೆ. ಅವರು ಪೂರ್ತಿ ಕೇಳಿಸಿಕೊಂಡು, “ಮೊದಲು ನನ್ನ ಹುದ್ದಿ ತುಂಬಲಿ” ಅಂದರು. 2019ರಲ್ಲಿ ಅವರು ನಿವೃತ್ತರಾದ ಹುದ್ದೆ ಇನ್ನೂ ಖಾಲಿ. ಅನುದಾನಿತ ಶಾಲೆಯಲ್ಲಿ ಒಬ್ಬರು ನಿವೃತ್ತರಾದರೆ ಆ ಜಾಗ ತುಂಬಲು ಸರ್ಕಾರದ ಒಪ್ಪಿಗೆ ಬೇಕು. ಒಪ್ಪಿಗೆ ಬಂದಿಲ್ಲ. ಆರು ವರ್ಷ ದಾಟಿತು. ಈಗ ಅಲ್ಲಿ ಗಣಿತ ಕಲಿಸುತ್ತಿರುವುದು ಮಾವನ ಹಳೇ ವಿದ್ಯಾರ್ಥಿನಿಯೇ, ಬಿ.ಎಡ್. ಮುಗಿಸಿದವಳು. ಆಡಳಿತ ಮಂಡಳಿಯವರು ಮಕ್ಕಳಿಂದ ಅಷ್ಟಿಷ್ಟು ಸೇರಿಸಿ ತಿಂಗಳಿಗೆ 9,000 ಕೊಡುತ್ತಾರೆ, ವೋಚರ್ ಮೇಲೆ ಸಹಿ ಹಾಕಿಸಿಕೊಂಡು. ಬುಧವಾರ, ಶನಿವಾರ ಮಾವ ಸೈಕಲ್ ಹತ್ತಿ ಶಾಲೆಗೆ ಹೋಗಿ ಹತ್ತನೇ ಕ್ಲಾಸಿಗೆ ರೇಖಾಗಣಿತ ಹೇಳಿ ಬರುತ್ತಾರೆ, ಆ ಹುಡುಗಿ ಅಷ್ಟು ಹೊತ್ತು ಎಂಟನೇ ಕ್ಲಾಸು ನೋಡಿಕೊಳ್ಳುತ್ತಾಳೆ.